ಹಳಿಯ ಕವಲು

ಹಾಸನದಿಂದ ಒಂದು ಗಾಡಿ ಹೊಳೆನರಸೀಪುರದತ್ತ ಸಾಗಿದರೆ, ಮತ್ತೊಂದು 2017ರಲ್ಲಿ ಬೆಂಗಳೂರಿನವರೆಗೆ ಪೂರ್ಣಗೊಂಡ ಚನ್ನರಾಯಪಟ್ಟಣದ ಮಾರ್ಗ ಹಿಡಿಯುತ್ತದೆ. ಗಾಡಿಗೆ ಚುಕ್ಕಾಣಿಯಿಲ್ಲ, ಅದನ್ನು ಹೊರಳಿಸುವುದು ಹಳಿಯಲ್ಲಿರುವ ‘ಪಾಯಿಂಟ್’. ತುದಿ ಚೂಪಾದ ಎರಡು ನಾಲಗೆಹಳಿಗಳು ಜೋಡಿಯಾಗಿ ಸರಿಯುತ್ತವೆ. ಒಂದು ಸ್ಥಿರವಾದ ಹಳಿಗೆ ಅಂಟಿಕೊಂಡಾಗ ಇನ್ನೊಂದು ದೂರವಾಗುತ್ತದೆ. ಚಕ್ರದ ಒಳಅಂಚು ತೆರೆದ ದಾರಿಯನ್ನೇ ಅನುಸರಿಸುತ್ತದೆ.

ಮುಂದೆ ಹಳಿಗಳು ಪರಸ್ಪರ ದಾಟುವೆಡೆ ಆ ಅಂಚು ಹಾಯಲು ಸಂದೊಂದನ್ನು ಬಿಟ್ಟಿರುತ್ತಾರೆ. ಸಾಮಾನ್ಯ ವೇಗದಲ್ಲಿ ಅದು ‘ಖಟಕ್’ ಎಂಬ ಸದ್ದು ಮಾತ್ರ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಅಪಾಯಕರವಾದ ಪೆಟ್ಟು. ಆದಕಾರಣ ಜಪಾನ್, ಫ್ರಾನ್ಸ್ ದೇಶಗಳ ಅತಿವೇಗದ ಮಾರ್ಗಗಳಲ್ಲಿ ದಾಟಿನ ಮೂಗೂ ಸರಿದು ಸಂದನ್ನು ಮುಚ್ಚುತ್ತದೆ. ಅಲ್ಲಿ ಕವಲು ನೀಳ, ಬಾಗು ಮಂದ; ಉದ್ದವಾದ ನಾಲಗೆಯನ್ನು ಹಲವೆಡೆ ಎಳೆದು ಬಿಗಿಯಬೇಕಾಗುತ್ತದೆ.

ನಾಲಗೆ ಸರಿಯಾಗಿ ಕುಳಿತು ಬೀಗ ಬಿದ್ದುದು ಖಚಿತವಾದ ಮೇಲೆಯೇ ಹಸಿರು ದೀಪ ಬೆಳಗಬೇಕು. 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರಿನಲ್ಲಿ, ತಂತಿಜೋಡಣೆಯ ತಪ್ಪಿನಿಂದ, ದೀಪ ನೇರದಾರಿಯನ್ನು ತೋರುತ್ತಿದ್ದಾಗ ಪಾಯಿಂಟ್ ಪಕ್ಕದ ಹಳಿಗೆ ತಿರುಗಿತ್ತು. 290ಕ್ಕೂ ಹೆಚ್ಚು ಜನ ಪ್ರಾಣ ತೆತ್ತರು.

ತಮ್ಮೂರಿನಲ್ಲಿ ಹಳಿ ಕಾಣದ ಅರಕಲಗೂಡಿನ ಮಕ್ಕಳೂ ಗಾಡಿಯೇರುವಾಗ ಇದನ್ನು ನೆನೆಯಬೇಕು. ದೀಪವು ನುಡಿ, ಪಾಯಿಂಟ್ ನಡೆ. ಎರಡೂ ಒಂದಾಗಿದ್ದಲ್ಲಿ ಮಾತ್ರವೇ ಕ್ಷೇಮ.