ಸಿಗಾರು ದಪ್ಪವಾಯಿತು, ಸೊಪ್ಪಿನ ಲೆಕ್ಕ ಬದಲಾಯಿತು



ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರಿಗೆ ಒಂದೇ ಗಿಡದ ಎಲೆಗಳಿಗೆಲ್ಲ ಒಂದೇ ಬೆಲೆ ಸಿಗುವುದಿಲ್ಲವೆಂದು ಹೊಸದಾಗಿ ಹೇಳಬೇಕಾದ್ದಿಲ್ಲ. ಬುಡದ ಎಲೆಯ ಗುಣ ಬೇರೆ, ನಡುವಿನದು ಬೇರೆ, ತುದಿಯದು ಬೇರೆ. ಆದರೆ ಯಾವ ಎಲೆ ಎಷ್ಟು ಬೇಕು ಎಂಬುದನ್ನು ಕಡೆಗೆ ನಿರ್ಧರಿಸುವವನು ಸೇದುವವನು. ಅವನ ಕೈಯಲ್ಲಿರುವ ವಸ್ತುವಿನ ಆಕಾರ ತುಸು ಬದಲಾದರೂ ದೂರದೇಶದ ಹೊಲದಲ್ಲಿ ಕುಡಿ ಚಿವುಟುವ ರೀತಿ ಬದಲಾಗುತ್ತದೆ. ಕ್ಯೂಬಾ ದೇಶದ ಸಿಗಾರು ಇದಕ್ಕೆ ಒಳ್ಳೆಯ ನಿದರ್ಶನ. ನಮ್ಮಲ್ಲಿ ಸಿಗಾರಿನ ಸೊಪ್ಪು ಬೆಳೆಯುವ ವಾಡಿಕೆಯಿಲ್ಲ. ನೆರೆಯ ತಮಿಳುನಾಡಿನ ವೇಡಸಂದೂರು ಸಂಶೋಧನಾ ಕೇಂದ್ರ ಅದರ ಮೇಲೆ ಕೆಲಸ ಮಾಡಿದೆ. ಆದರೂ ಎಲೆ ಬೆಳೆಯುವ ಯಾರೇ ಆಗಲಿ ಇದನ್ನು ತಿಳಿದಿರುವುದು ಮೇಲು.

ಸಿಗಾರಿನ ದಪ್ಪವನ್ನು 'ರಿಂಗ್' ಎಂಬ ಅಳತೆಯಿಂದ ಹೇಳುತ್ತಾರೆ. ಒಂದು ರಿಂಗ್ ಎಂದರೆ ಅಂಗುಲದ 64ನೆಯ ಒಂದು ಭಾಗ. ಹವಾನಾ ನಗರದ ಎಲ್ ಲಾಗಿತೊ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ಆರಂಭವಾದ ಕೊಹಿಬಾ ಸಿಗಾರನ್ನೇ ನೋಡಿ. ಮೊದಲು ಅದರಲ್ಲಿದ್ದ ಮೂರು ಬಗೆಗಳ ದಪ್ಪ 38, 38 ಮತ್ತು 26 ರಿಂಗ್. ಇವುಗಳಲ್ಲಿ ಹೆಸರಾಂತದ್ದು 'ಲಾನ್ಸೆರೊ': ಉದ್ದ 192 ಮಿಲಿಮೀಟರ್, ದಪ್ಪ 38 ರಿಂಗ್, ಅಂದರೆ ಕೇವಲ 15 ಮಿಲಿಮೀಟರ್. 1989ರಲ್ಲಿ ಅದೇ ಹೆಸರಿನಲ್ಲಿ 50 ರಿಂಗಿನ 'ರೊಬುಸ್ತೊ' ಬಂತು. 2002ರಲ್ಲಿ 52 ರಿಂಗಿನ ಆರನೆಯ 'ಸಿಗ್ಲೊ' ಬಂತು. 2010ರಲ್ಲಿ ಬಂದ 'ಬೆಹಿಕೆ' ಸಿಗಾರುಗಳ ದಪ್ಪ 52, 54 ಮತ್ತು 56 ರಿಂಗ್. ಅಮೆರಿಕದ ಮಾರುಕಟ್ಟೆಯಲ್ಲಿ 60 ರಿಂಗಿನವೂ ಈಗ ಸಾಮಾನ್ಯ. ಅದು ಹೆಚ್ಚುಕಡಿಮೆ 24 ಮಿಲಿಮೀಟರ್ ದಪ್ಪ, ನಮ್ಮ ಹೆಬ್ಬೆರಳಿಗಿಂತ ತೋರ. ತೆಳು ಸಿಗಾರು ಪೂರ್ತಿ ಅಳಿದಿಲ್ಲ. ಆದರೆ ಅದನ್ನು ಕೇಳಿ ಕೊಳ್ಳುವವರು ಈಗ ಕೆಲವರೇ.

ಕಣಜದ ಲೆಕ್ಕ

ಸಿಗಾರಿನಲ್ಲಿ ಮೂರು ಭಾಗಗಳಿವೆ. ಮೇಲಿನದು ಹೊದಿಕೆ ಎಲೆ. ಅದರ ಕೆಳಗಿನದು ಕಟ್ಟು ಎಲೆ. ಒಳಗೆ ತುಂಬಿರುವುದು ಹೂರಣ. ನಮ್ಮ ಬೀಡಿಯಲ್ಲಿ ಹೊದಿಕೆ ಕಾಡಿನಿಂದ ತಂದ ಬೀಡಿ ಎಲೆಯಾದರೆ, ಇಲ್ಲಿ ಮೂರೂ ಹೊಗೆಸೊಪ್ಪೇ. ಹೊದಿಕೆ ಎಲೆ ಎಲ್ಲಕ್ಕಿಂತ ದುಬಾರಿ. ಅದರಲ್ಲಿ ತೂತು, ಕಲೆ, ಎದ್ದುಕಾಣುವ ನರ ಇರಕೂಡದು. ಅದಕ್ಕಾಗಿಯೇ ಹೊಲಕ್ಕೆ ತೆಳುಬಟ್ಟೆಯ ಚಪ್ಪರ ಹಾಕಿ ನೆರಳಿನಲ್ಲಿ ಬೆಳೆಯುತ್ತಾರೆ. ನೆರಳಿನಲ್ಲಿ ಎಲೆ ಅಗಲವಾಗಿ, ತೆಳ್ಳಗೆ, ನಯವಾಗಿ ಬರುತ್ತದೆ. ಹೂರಣದ ಸೊಪ್ಪು ಬಯಲು ಬಿಸಿಲಿನದು.

ಬಿದಿರಿನ ಕಣಜವನ್ನು ನೆನೆದುಕೊಳ್ಳಿ. ಅದರ ಅಗಲವನ್ನು ಇಮ್ಮಡಿ ಮಾಡಿದರೆ ಹೊರಮೈಗೆ ಮೆತ್ತುವ ಸಗಣಿ ಇಮ್ಮಡಿ ಸಾಕು, ಒಳಗೆ ಹಿಡಿಯುವ ರಾಗಿ ಮಾತ್ರ ನಾಲ್ಕು ಪಟ್ಟು. ಸಿಗಾರಿಗೂ ಇದೇ ಲೆಕ್ಕ. ರೊಬುಸ್ತೊ 124 ಮಿಲಿಮೀಟರ್ ಉದ್ದದ್ದು, ಲಾನ್ಸೆರೊಗಿಂತ 68 ಮಿಲಿಮೀಟರ್ ಗಿಡ್ಡ. ಆದರೂ ಲೆಕ್ಕ ಹಾಕಿ ನೋಡಿದರೆ ಅದರ ಗಾತ್ರ ಶೇಕಡಾ 12ರಷ್ಟು ಹೆಚ್ಚು, ಹೊರಮೈ ಶೇಕಡಾ 15ರಷ್ಟು ಕಡಿಮೆ. ಸುತ್ತಿನ ಮೇಲೆ ಸುತ್ತು ಬೀಳುವ ಅಂಚನ್ನು ಇದರಲ್ಲಿ ಸೇರಿಸಿಲ್ಲ. ಅಂದರೆ ಕಾರ್ಖಾನೆಯವರಿಗೆ ದುಬಾರಿ ಎಲೆ ಕಡಿಮೆ ಸಾಕು, ಅಗ್ಗದ ಎಲೆ ಹೆಚ್ಚು ಬೇಕು. ಇನ್ನು ಆರು ಅಂಗುಲ ಉದ್ದದ 60 ರಿಂಗಿನ ಸಿಗಾರಾದರೆ, ಲಾನ್ಸೆರೊಗಿಂತ ಹೊದಿಕೆ ಕಾಲುಭಾಗ ಮಾತ್ರ ಹೆಚ್ಚು. ಹೂರಣ ಹತ್ತಿರ ಹತ್ತಿರ ಎರಡು ಪಟ್ಟು!

ಆದರೆ ಹೊದಿಕೆ ಬೆಳೆಯುವವನಿಗೆ ಇನ್ನೊಂದು ತೊಡಕು ಉಂಟು. ಎಲೆಯ ನಡುನರ ತೆಗೆದು ಅರ್ಧ ಎಲೆಯಿಂದ ಒಂದು ಸಿಗಾರು ಸುತ್ತುತ್ತಾರೆ. ಸಿಗಾರು ದಪ್ಪವಾದಷ್ಟೂ ಅರ್ಧ ಎಲೆ ಅಗಲವಾಗಿರಬೇಕು. ಚಿಕ್ಕದಾದರೂ ಚೊಕ್ಕಟವಾದ ಎಲೆಗೆ ಲಾನ್ಸೆರೊ ಕಾಲದಲ್ಲಿ ಗಿರಾಕಿ ಇದ್ದ. ಅಂಥ ಎಲೆ ದಪ್ಪ ಸಿಗಾರಿಗೆ ಸಾಲದು.

ಸೇದುವವನು ದಪ್ಪಕ್ಕೆ ಒಲಿದದ್ದೇಕೆ?

ಕಾರಣ ಒಂದಲ್ಲ. ತೆಳು ಸಿಗಾರು ಸುತ್ತುವುದು ಕಷ್ಟದ ಕೆಲಸ. ಹೂರಣ ಒಂದಿಷ್ಟು ಬಿಗಿಯಾದರೂ ಹೊಗೆ ಎಳೆಯಲು ಬಾರದು. ಅದಕ್ಕೆ ನುರಿತ ಕೈ ಬೇಕು. ಇಷ್ಟಾಗಿಯೂ ಗಿರಾಕಿ ತೆಳು ಸಿಗಾರನ್ನು ಕೈಯಲ್ಲಿ ತೂಗಿ ನೋಡಿ 'ಇಷ್ಟಕ್ಕೆ ಇಷ್ಟು ಹಣವೇ' ಎನ್ನುತ್ತಾನೆ. ಇಂಥ ಗಿರಾಕಿಯನ್ನು ನಮ್ಮ ತರಕಾರಿ ಸಂತೆಯಲ್ಲಿ ನೀವೂ ಕಂಡಿದ್ದೀರಿ. 1990ರ ದಶಕದಲ್ಲಿ ಅಮೆರಿಕದಲ್ಲಿ ಸಿಗಾರಿನ ಹುಚ್ಚು ಏರಿದಾಗ ಬಂದ ಹೊಸ ಗಿರಾಕಿಗಳು ಹೆಚ್ಚಾಗಿ ಈ ಜಾತಿಯವರು. ಕ್ಯೂಬಾದ ಮೇಲೆ 1962ರಿಂದ ಅಮೆರಿಕದ ವ್ಯಾಪಾರ ನಿರ್ಬಂಧವಿರುವುದರಿಂದ ಅವರಿಗೆ ಸಿಗಾರು ಒದಗಿಸಿದವರು ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ನಿಕರಾಗುವಾ ದೇಶದವರು.  ಅಮೆರಿಕದ ತೆರಿಗೆಯೂ ದಪ್ಪಕ್ಕೆ ಅಡ್ಡಬರಲಿಲ್ಲ. 2009ರ ಕಾನೂನಿನಂತೆ ಕೇಂದ್ರ ತೆರಿಗೆ ಬೆಲೆಯ ಶೇಕಡಾ 52.75, ಆದರೆ ಒಂದು ಸಿಗಾರಿಗೆ 40.26 ಸೆಂಟಿಗೆ ಮೀರುವಂತಿಲ್ಲ. ಈ ಮಿತಿ ಮುಟ್ಟಿದ ಮೇಲೆ ಸಿಗಾರು ಎಷ್ಟು ದಪ್ಪವಾದರೂ ತೆರಿಗೆ ಅಷ್ಟೇ. ಜೊತೆಗೆ ನ್ಯೂಯಾರ್ಕಿನಲ್ಲಿ 2003ರಲ್ಲಿ, ಇಂಗ್ಲೆಂಡಿನಲ್ಲಿ 2007ರಲ್ಲಿ ಹೋಟೆಲು, ಕಚೇರಿಗಳೊಳಗೆ ಧೂಮಪಾನ ನಿಷೇಧವಾಯಿತು. ಬಾಗಿಲ ಹೊರಗೆ ಚಳಿಯಲ್ಲಿ ನಿಂತು ಗೇಣುದ್ದದ ಸಿಗಾರು ಮುಗಿಸುವವರು ಯಾರು? ಗಿಡ್ಡ ಮತ್ತು ದಪ್ಪ ಸಿಗಾರಿಗೆ ಇದೂ ಅನುಕೂಲವಾಯಿತೆಂದು ನನ್ನ ಅಭಿಪ್ರಾಯ.

ದಪ್ಪ ಸಿಗಾರಿನ ಹೊಗೆ ತಂಪು ಎಂದು ಮಾರುವವರು ಹೇಳುತ್ತಾರೆ. ಅದರಿಂದ ಅಪಾಯ ಕಡಿಮೆಯೆಂದು ಯಾರೂ ಭಾವಿಸಬಾರದು. ಸಿಗಾರಿನ ಹೊಗೆ ಬಾಯಿ, ಗಂಟಲುಗಳ ಕ್ಯಾನ್ಸರಿಗೆ ಕಾರಣವೆಂಬುದು ಖಚಿತವಾಗಿದೆ. ದಪ್ಪವಾದಷ್ಟೂ ಒಂದರಲ್ಲಿ ಸುಡುವ ಸೊಪ್ಪು ಹೆಚ್ಚು.

ಹೊಲದಲ್ಲಿ ಆದದ್ದು

ಕ್ಯೂಬಾದ ಪಶ್ಚಿಮಕ್ಕೆ ಪಿನಾರ್ ದೆಲ್ ರಿಯೊ ಪ್ರಾಂತ್ಯವಿದೆ. ಅಲ್ಲಿನ ಸಾನ್ ಲುಯಿಸ್, ಸಾನ್ ಹುವಾನ್ ಇ ಮಾರ್ತಿನೆಸ್ ಊರುಗಳ ಸುತ್ತ ಒಳ್ಳೆಯ ಸಿಗಾರು ಸೊಪ್ಪು ಬೆಳೆಯುತ್ತದೆ. ಮಳೆಗಾಲ ಹಿಂದೆ ಸರಿದ ಮೇಲೆ ನಾಟಿ. ಕೊಯ್ಲು ನಮ್ಮ ಹುಣಸೂರಿನಂತೆ ಬುಡದಿಂದ ಮೇಲಕ್ಕೆ, ಕೆಲವು ಎಲೆಗಳಂತೆ. ಬಿಸಿಲು ಗಿಡದ ಬುಡದ ಎಲೆಗೆ 'ವೊಲಾದೊ' ಎಂದು ಹೆಸರು. ಅದು ಚೆನ್ನಾಗಿ ಉರಿಯುತ್ತದೆ, ಘಾಟು ಕಡಿಮೆ. ನಡುವಿನದು 'ಸೆಕೊ', ಪರಿಮಳಕ್ಕೆ. ಮೇಲಿನದು 'ಲಿಹೆರೊ', ಬಿಸಿಲುಂಡು ದಪ್ಪವಾದ, ಜಿಡ್ಡು ಹಿಡಿದ, ಖಾರವಾದ ಎಲೆ. ಲಿಹೆರೊ ನಿಧಾನ ಉರಿಯುವುದರಿಂದ ಅದನ್ನು ಹೂರಣದ ನಟ್ಟನಡುವೆ ಇಡಬೇಕು. 38 ರಿಂಗಿನ ಸಿಗಾರಿನಲ್ಲಿ ಅದಕ್ಕೆ ಜಾಗವೆಲ್ಲಿ? 52 ರಿಂಗಿನಲ್ಲಿ ಧಾರಾಳ ಜಾಗ.

ಇದಕ್ಕೂ ಮೇಲೆ, ಗಿಡದ ನೆತ್ತಿಯಲ್ಲಿ 'ಮೆದಿಯೊ ತಿಯೆಂಪೊ' ಎಂಬ ಒಂದೆರಡು ಸಣ್ಣ ಎಲೆ ಕೆಲವು ಗಿಡಗಳಲ್ಲಿ ಮಾತ್ರ ಬರುತ್ತವೆ. ಇವುಗಳನ್ನು ಬೇರೆ ಆರಿಸಿ ಬೆಹಿಕೆ ಸಿಗಾರಿನ ಹೂರಣದಲ್ಲಿ ಬಳಸಿದಾಗ ಅವು ಹೆಸರಾದವು. ಕುಡಿ ಎಷ್ಟು ಎತ್ತರಕ್ಕೆ, ಯಾವಾಗ ಚಿವುಟಬೇಕು ಎಂಬ ಪ್ರಶ್ನೆಗೆ ಇಲ್ಲಿ ಬೆಲೆ ಬಂತು. ಕುಡಿ ಚಿವುಟಿ ಕಂಕುಳ ಕುಡಿಗಳನ್ನು ಬಿಡದೆ ತೆಗೆದರೆ ಸತ್ವವೆಲ್ಲ ಉಳಿದ ಎಲೆಗೆ ಹರಿದು ಮೇಲಿನೆಲೆ ದಪ್ಪವಾಗಿ ನಿಕೋಟಿನ್ ಏರುತ್ತದೆ. ತಡಮಾಡಿ ಹೂ ಬಿಟ್ಟರೆ ಎಲೆ ಬಡವಾಗುತ್ತದೆ. ಇದು ನಿಮಗೆ ಗೊತ್ತಿರುವ ವಿದ್ಯೆಯೇ.

ನಷ್ಟಕ್ಕೆ ಈಡಾದವರೂ ಇದ್ದಾರೆ. ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯಲ್ಲಿ 1900ರಿಂದ ಬಟ್ಟೆ ಚಪ್ಪರದ ಕೆಳಗೆ ನಸುಬಣ್ಣದ ಹೊದಿಕೆ ಎಲೆ ಬೆಳೆಯುತ್ತಿದ್ದರು. ಕಂಬ, ತಂತಿ, ಬಟ್ಟೆ, ಎಲೆ ಎಲೆಯಾಗಿ ಕೀಳುವ ಆಳು, ಎಲ್ಲ ಸೇರಿ ಎಕರೆ ಖರ್ಚು ವಿಪರೀತ. ಈಗ ಆ ಚಪ್ಪರಗಳು ಬಹುಪಾಲು ಮರೆಯಾಗಿವೆ. ಅದೇ ಕಣಿವೆಯಲ್ಲಿ ಬಯಲಿನಲ್ಲಿ ಬೆಳೆಯುವ ಅಗಲೆಲೆ ತಳಿ ಮಾತ್ರ ನಿಂತಿತು. ಅದನ್ನು ನಿಪ್ಪಾಣಿಯ ಬೀಡಿ ತಂಬಾಕಿನಂತೆ ಗಿಡ ಸಮೇತ ಕಡಿಯುತ್ತಾರೆ. ಆದರೆ ಬಿಸಿಲಲ್ಲಿ ಹರಡದೆ ಮನೆಯೊಳಗೆ ತೂಗುಹಾಕಿ ಒಣಗಿಸುತ್ತಾರೆ. ಅದರ ಒರಟು, ಕಪ್ಪು, ಅಗಲ ಎಲೆ ದಪ್ಪ ಸಿಗಾರಿಗೆ ಹೇಳಿ ಮಾಡಿಸಿದಂತಿದೆ. ಚಪ್ಪರದ ಬೆಳೆ ಕುಗ್ಗಲು ಕೂಲಿ, ಹೊರದೇಶದ ಅಗ್ಗದ ಎಲೆ ಮೊದಲಾದ ಬೇರೆ ಕಾರಣಗಳೂ ಇವೆ. ಎಲ್ಲ ತಪ್ಪನ್ನೂ ದಪ್ಪದ ಮೇಲೆ ಹೊರಿಸಲಾಗದು.

ಬೆಳೆಗಾರನಿಗೆ ಇರುವ ದೊಡ್ಡ ತೊಂದರೆ ಕಾಲದ್ದು. ಟೊಮೇಟೊ ಬೆಲೆ ಇಳಿದರೆ ಮುಂದಿನ ಹಂಗಾಮಿಗೆ ಬೇರೆ ಬೆಳೆ ಇಡಬಹುದು. ಸಿಗಾರಿನ ಸೊಪ್ಪನ್ನು ಒಣಗಿಸಿ, ರಾಶಿಹಾಕಿ ಹುದುಗಿಸಿ, ಮೂಟೆಕಟ್ಟಿ ಮಾಗಿಸಬೇಕು. ಲಿಹೆರೊ ಎಲೆಗೆ ಕನಿಷ್ಠ ಎರಡು ವರ್ಷ ಬೇಕು, ಮೆದಿಯೊ ತಿಯೆಂಪೊಗೆ ಇನ್ನೂ ಹೆಚ್ಚು. ಇಂದು ಅಂಗಡಿಯಲ್ಲಿ ಗಿರಾಕಿ ಬಯಸುವ ದಪ್ಪಕ್ಕೆ ಬೇಕಾದ ಎಲೆಯನ್ನು ರೈತ ಮೂರು ನಾಲ್ಕು ವರ್ಷ ಹಿಂದೆಯೇ ನಾಟಿ ಮಾಡಿರಬೇಕು. 2022ರ ಸೆಪ್ಟೆಂಬರ್ 27ರಂದು ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊಗೆ ಬಡಿದು, ಸೊಪ್ಪು ಒಣಗಿಸುವ ಸಾವಿರಾರು ಮನೆಗಳು ನೆಲಕಚ್ಚಿದವು. ಆಗ ಅಲ್ಲಿ ಸಸಿಮಡಿಗೆ ಅಣಿಯಾಗುವ ಕಾಲ. ಆ ಹಂಗಾಮಿನಲ್ಲಿ ಪಾಳುಬಿದ್ದ ತಾಕಿನ ಲಿಹೆರೊ ಎಲೆ ಸುತ್ತುವವರ ಮೇಜಿಗೆ ಬರಬೇಕಾಗಿದ್ದದ್ದು 2025ರ ಹೊತ್ತಿಗೆ.