ಸಾವಿರದಲ್ಲಿ ಉಳಿದದ್ದೆಷ್ಟು?

ಕನ್ನಡ ಪುಸ್ತಕಗಳ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳ ಒಂದಿಷ್ಟು ವಿವರ ಇರುತ್ತದೆ. ಮೊದಲ ಮುದ್ರಣದ ವರ್ಷ, ಪುಟಗಳೆಷ್ಟು, ಬೆಲೆಯೆಷ್ಟು, ಬಳಸಿದ ಕಾಗದ ಯಾವುದು, ಅಚ್ಚಿನ ಮನೆ ಎಲ್ಲಿಯದು. ಇವುಗಳ ನಡುವೆ ‘ಪ್ರತಿಗಳು: 1000’ ಎಂಬ ಸಾಲೂ ಬಹಳಷ್ಟು ಸಲ ಕಾಣಿಸುತ್ತದೆ. ಓದುವವರು ಅದನ್ನು ದಾಟಿ ಮುನ್ನುಡಿಗೆ ಹೋಗುತ್ತಾರೆ. ಹಳೆಯ ಪುಸ್ತಕ ಹುಡುಕುವವರು ಮೊದಲು ತೆರೆಯುವುದೇ ಆ ಪುಟವನ್ನು.

ಸೀಮಿತ ಆವೃತ್ತಿ ಎಂದರೆ ಪಶ್ಚಿಮದ ಸಂಗ್ರಾಹಕರಿಗೆ ಥಟ್ಟನೆ ನೆನಪಾಗುವುದು ಇಂಗ್ಲೆಂಡಿನ ವಿಲಿಯಂ ಮಾರಿಸ್. ತನ್ನ ಕೆಲ್ಮ್‌ಸ್ಕಾಟ್ ಮುದ್ರಣಾಲಯದಿಂದ ಆತ 1896ರಲ್ಲಿ ಹೊರತಂದ ಚಾಸರ್ ಕೃತಿಗಳ ಸಂಪುಟ ಕಾಗದದ ಮೇಲೆ 425, ಚರ್ಮಪಟದ ಮೇಲೆ 13 ಪ್ರತಿಗಳಷ್ಟೇ ಅಚ್ಚಾಯಿತು. ಅಲ್ಲಿ ಕಡಿಮೆ ಅಚ್ಚು ಹಾಕುವುದು ಒಂದು ತೀರ್ಮಾನ. ನಮ್ಮಲ್ಲಿ ಹಾಗೆ ಯಾರೂ ಸಾರಲಿಲ್ಲ, ಪ್ರತಿಗಳಿಗೆ ಕ್ರಮಸಂಖ್ಯೆ ಹಾಕಿ ಮಾರುವ ರೂಢಿಯೂ ಬೆಳೆಯಲಿಲ್ಲ. ಆದರೆ ಕೋಟಿಗಟ್ಟಲೆ ಜನ ಆಡುವ ಭಾಷೆಯಲ್ಲಿ ಒಂದು ಕಾದಂಬರಿಯ ಸಾವಿರ ಪ್ರತಿ ಎಂದರೇನು? ಒಂದಷ್ಟು ಸಗಟು ಖರೀದಿಯಲ್ಲಿ ಗ್ರಂಥಾಲಯ ಸೇರುತ್ತವೆ. ಒಂದಷ್ಟು ಗೌರವ ಪ್ರತಿಗಳಾಗಿ ಹಂಚಿಹೋಗುತ್ತವೆ. ಉಳಿದವುಗಳಲ್ಲಿ ಮಳೆಗೆ ನೆನೆದದ್ದು, ಗೆದ್ದಲಿಗೆ ಹೋದದ್ದು, ಮನೆ ಬದಲಿಸುವಾಗ ರದ್ದಿಗೆ ಬಿದ್ದದ್ದು ಕಳೆದರೆ ಐವತ್ತು ವರ್ಷಗಳ ನಂತರ ಕೈಗೆ ಸಿಗುವುದು ಬೆರಳೆಣಿಕೆ. ಕನ್ನಡದಲ್ಲಿ ಹೆಚ್ಚುಕಡಿಮೆ ಪ್ರತಿ ಮೊದಲ ಮುದ್ರಣವೂ ಸೀಮಿತ ಆವೃತ್ತಿಯೇ ಎಂದು ನಾನು ನಂಬಿದ್ದೇನೆ.

ನಮ್ಮ ಸಂಗ್ರಾಹಕರು ಆಸೆಪಡುವ ಪುಸ್ತಕಗಳ ಸಾಲಿನಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಣೆಗಳಿಗೆ ಮೊದಲ ಸ್ಥಾನ. ಹೆರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ತಂದದ್ದು ಕಲ್ಲಚ್ಚಿನಲ್ಲಿ. ಕೈಬರಹವನ್ನೇ ಕಲ್ಲಿಗೆ ಇಳಿಸಿ ಅಚ್ಚೊತ್ತುತ್ತಿದ್ದುದರಿಂದ ಆ ಕಾಲದ ಪುಟಗಳಲ್ಲಿ ಬರೆದವನ ಕೈಯ ವಾಲು ಕಾಣುತ್ತದೆ. ಮುಂದೆ ಅಚ್ಚಿನ ಮೊಳೆಗಳು ಬಂದವು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ಮೊದಲು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಸಂಪಾದಿಸಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟರು. 1,700 ಪುಟ ಮೀರಿದ ಆ ಗ್ರಂಥದ ಮೂಲ ಪ್ರತಿ ಮನೆಯಲ್ಲಿದೆ ಎಂದರೆ ನೋಡಲೆಂದೇ ಜನ ಬರುತ್ತಾರೆ.

ಇಲ್ಲಿ ಒಂದು ಎಚ್ಚರ ಬೇಕು. ಕಿಟೆಲ್ ನಿಘಂಟಿನ ಮೂಲ ಪುಟಗಳನ್ನೇ ಚಿತ್ರ ತೆಗೆದು ಮಾಡಿದ ಮರುಮುದ್ರಣಗಳೂ ಬಂದಿವೆ. ಅಂಥವುಗಳಲ್ಲಿ ಹಳೆಯ ಶೀರ್ಷಿಕೆ ಪುಟವೂ ಹಾಗೇ ಉಳಿದಿರಬಹುದು, 1894 ಎಂಬ ಇಸವಿಯೊಂದನ್ನೇ ನಂಬಿ ಕೊಳ್ಳಬಾರದು. ಪುಟದ ಹಿಂಬದಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿ. ಮೊಳೆ ಅಚ್ಚಿನದಾದರೆ ಅಕ್ಷರ ಒತ್ತಿದ ಉಬ್ಬು ಸಾಮಾನ್ಯವಾಗಿ ಕೈಗೆ ಹತ್ತುತ್ತದೆ. ಆಫ್‌ಸೆಟ್ಟಿನ ಹಾಳೆ ನುಣ್ಣಗಿರುತ್ತದೆ. ಈ ವಿದ್ಯೆ ಒಂದೆರಡು ಪುಸ್ತಕಗಳಲ್ಲಿ ಬರುವುದಿಲ್ಲ, ನೂರಾರು ಪುಸ್ತಕ ಮುಟ್ಟಿದ ಬೆರಳಿಗೆ ತಾನಾಗಿ ಬರುತ್ತದೆ.

ನವ್ಯ ಸಾಹಿತ್ಯದ ಮೋಹ ಹತ್ತಿದವರ ದಾರಿ ಧಾರವಾಡಕ್ಕೆ ಹೋಗುತ್ತದೆ. ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಶುರುವಾದದ್ದು 1933ರಲ್ಲಿ. ಲೇಖಕರು ಕೂಡಿ ಹರಟುತ್ತಿದ್ದ ಅದರ ‘ಅಟ್ಟ’ ಸಾಹಿತ್ಯ ಚರಿತ್ರೆಯ ಭಾಗವೇ ಆಗಿಬಿಟ್ಟಿದೆ. ಗಿರೀಶ ಕಾರ್ನಾಡರ ‘ಯಯಾತಿ’ (1961), ‘ತುಘಲಕ್’ (1964), ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ಮಾಲೆಯ ಪುಸ್ತಕಗಳೇ. ಇವು ಮೊದಲ ಮುದ್ರಣದಲ್ಲಿ, ಮೂಲ ಹೊದಿಕೆಯ ಸಮೇತ ಸಿಗುವುದು ಬಹಳ ಕಷ್ಟ. ಗ್ರಂಥಾಲಯಕ್ಕೆ ಹೋದ ಪ್ರತಿಗಳಿಗೆ ಗಟ್ಟಿ ರಟ್ಟಿನ ಬೈಂಡಿಂಗ್ ಹಾಕುವಾಗ ಹೊದಿಕೆಯನ್ನು ಕಿತ್ತೆಸೆದು ಅಂಚುಗಳನ್ನು ಕತ್ತರಿಸಿಬಿಡುತ್ತಿದ್ದರು. ಪುಸ್ತಕ ಬದುಕಿತು, ಕಲಾವಿದ ಬರೆದ ಮುಖಚಿತ್ರ ಹೋಯಿತು. ಕನ್ನಡದ ಮುಖಪುಟ ಕಲೆಯ ಚರಿತ್ರೆ ಬರೆಯಹೊರಟವರಿಗೆ ಇವತ್ತು ಆಸರೆಯಾಗಿರುವುದು ಖಾಸಗಿ ಕಪಾಟುಗಳೇ.

ಸಹಿಯ ವಿಷಯಕ್ಕೆ ಬರೋಣ. ಬಿಡುಗಡೆ ಸಮಾರಂಭದ ನೂಕುನುಗ್ಗಲಿನಲ್ಲಿ ಹಾಕಿಸಿಕೊಂಡ ಬರಿಯ ಸಹಿಗಿಂತ, ಲೇಖಕ ಇಂಥವರಿಗೆ ಎಂದು ಹೆಸರಿಟ್ಟು, ಊರು, ತಾರೀಖು ಹಾಕಿ ‘ವಿಶ್ವಾಸದಿಂದ’ ಎಂದು ಬರೆದುಕೊಟ್ಟ ಪ್ರತಿಗೆ ತೂಕ ಜಾಸ್ತಿ. ಒಬ್ಬ ಕವಿ ತನ್ನ ಮೊದಲ ಸಂಕಲನವನ್ನು ಯಾವ ವಿಮರ್ಶಕನಿಗೆ ಕೊಟ್ಟ, ಯಾವ ಮೇಷ್ಟ್ರಿಗೆ ಕಳಿಸಿದ ಎಂಬುದು ಆ ಎರಡು ಸಾಲಿನಲ್ಲಿ ಇರುತ್ತದೆ. ಬೇರೆಲ್ಲೂ ಅದು ದಾಖಲಾಗಿರುವುದಿಲ್ಲ. ಸಹಿ ನಿಜವೇ ಎಂದು ಅನುಮಾನ ಬಂದರೆ ಅದೇ ಲೇಖಕರ ಪತ್ರಗಳ ಕೈಬರಹದೊಂದಿಗೆ ಹೋಲಿಸಬೇಕು, ಶಾಯಿಯನ್ನೂ ನೋಡಬೇಕು. ಬಾಲ್‌ಪೆನ್ ಮಾರುಕಟ್ಟೆಗೆ ಬಂದದ್ದೇ 1940ರ ದಶಕದಲ್ಲಿ. 1930ರ ತಾರೀಖಿನ ಸಹಿ ಬಾಲ್‌ಪೆನ್ನಿನದಾದರೆ ಮುಂದೆ ಯೋಚಿಸುವ ಅಗತ್ಯವಿಲ್ಲ.

ಹೆಸರುವಾಸಿಗಳ ಸಹಿಯಷ್ಟೇ ಪ್ರೀತಿ ನನಗೆ ಹೆಸರಿಲ್ಲದವರ ಬರಹದ ಮೇಲೂ ಇದೆ. ಹಳೆಯ ಕನ್ನಡ ಪುಸ್ತಕಗಳ ಒಳರಟ್ಟಿನಲ್ಲಿ ಹೈಸ್ಕೂಲಿನ ಭಾಷಣ ಸ್ಪರ್ಧೆಯ ಬಹುಮಾನದ ಚೀಟಿ ಅಂಟಿರುತ್ತದೆ. ಮದುವೆಯ ಉಡುಗೊರೆ ಎಂದು ವಧೂವರರ ಹೆಸರಿರುತ್ತದೆ. ಅಂಚಿನಲ್ಲಿ ಪೆನ್ಸಿಲಿನಿಂದ ಯಾರೋ ಲೇಖಕರ ಜೊತೆ ಜಗಳ ತೆಗೆದಿರುತ್ತಾರೆ. ಇಂಥವನ್ನು ರಬ್ಬರಿನಿಂದ ಉಜ್ಜಿ ಪುಸ್ತಕವನ್ನು ‘ಸ್ವಚ್ಛ’ಗೊಳಿಸುವ ವ್ಯಾಪಾರಿಗಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ ಎಂದು ಕಂಡಕಂಡಲ್ಲಿ ಕೇಳಿಕೊಳ್ಳುತ್ತೇನೆ. ಸಾಮಾನ್ಯ ಮನೆಗಳಲ್ಲಿ ಕನ್ನಡ ಹೇಗೆ ಓದಿಸಿಕೊಂಡಿತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಇನ್ನೊಂದಿಲ್ಲ. ಒಂದು ಮುದ್ರೆಯ ಬಗ್ಗೆ ಮಾತ್ರ ಹುಷಾರಾಗಿರಬೇಕು: ಗ್ರಂಥಾಲಯದ ಠಸ್ಸೆ ಇದ್ದು ವಿಲೇವಾರಿ ಮಾಡಿದ ಗುರುತು ಇಲ್ಲದಿದ್ದರೆ, ಪುಸ್ತಕ ಹೊರಬಂದದ್ದು ಹೇಗೆ ಎಂದು ಕೇಳಲೇಬೇಕು. ಸಮಾಧಾನದ ಉತ್ತರ ಬಾರದಿದ್ದರೆ, ಎಷ್ಟೇ ಆಸೆಯಿದ್ದರೂ ಬಿಟ್ಟು ಬರಬೇಕು.

ಹುಡುಕುವುದೆಲ್ಲಿ? ಬೆಂಗಳೂರಿನ ಅವೆನ್ಯೂ ರಸ್ತೆಯ ರಾಶಿಗಳಲ್ಲಿ ತಾಳ್ಮೆಯಿದ್ದವರಿಗೆ ಇನ್ನೂ ಸಿಗುತ್ತದೆ. ಬ್ರಿಗೇಡ್ ರಸ್ತೆಯ ಅಡ್ಡರಸ್ತೆಯಲ್ಲಿರುವ ಸೆಲೆಕ್ಟ್ ಬುಕ್ ಶಾಪ್ ಶುರುವಾದದ್ದು 1945ರಲ್ಲಿ, ಅಪರೂಪದ ಗ್ರಂಥಗಳ ವಿಚಾರಕ್ಕೆ ಹಳಬರು ಮೊದಲು ಹೇಳುವ ಹೆಸರು ಅದೇ. ಚರ್ಚ್ ಸ್ಟ್ರೀಟಿನ ಬ್ಲಾಸಮ್ ಮಳಿಗೆಯನ್ನು ಕಟ್ಟಿದ ಮಾಯಿಗೌಡರು ವ್ಯಾಪಾರ ಆರಂಭಿಸಿದ್ದು ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹರವಿಕೊಂಡು. ಆದರೆ ಒಳ್ಳೆಯ ಕನ್ನಡ ಪುಸ್ತಕಗಳು ಹೆಚ್ಚಾಗಿ ಹೊರಬರುವುದು ಅಂಗಡಿಗಳಿಂದಲ್ಲ, ನಿವೃತ್ತ ಅಧ್ಯಾಪಕರ ಮನೆಗಳಿಂದ. ಹಾಗಾಗಿ ರದ್ದಿಯವರ ಸ್ನೇಹ ಬಹಳ ಮುಖ್ಯ.

ದುಡ್ಡಿದ್ದವರ ಹವ್ಯಾಸ ಎಂದು ಇದನ್ನು ತಳ್ಳಿಹಾಕುವವರು ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಗೆ ಒಮ್ಮೆ ಹೋಗಿಬರಬೇಕು. ಬಸ್ ಕಂಡಕ್ಟರ್ ಆಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಮೈಸೂರಿನ ತಮ್ಮ ನಿವೇಶನವನ್ನೂ ಮಾರಿ ಪುಸ್ತಕ ಕೊಂಡವರು. ಲಕ್ಷಗಟ್ಟಲೆ ಪುಸ್ತಕಗಳ ಅವರ ‘ಪುಸ್ತಕ ಮನೆ’ಯ ಬಾಗಿಲು ಎಲ್ಲರಿಗೂ ತೆರೆದಿದೆ.

ಕೊಂಡದ್ದನ್ನು ಕಾಪಾಡುವುದು ಇನ್ನೊಂದು ಕೆಲಸ. ಚಿಂದಿಬಟ್ಟೆಯ ತಿರುಳಿನ ಹಳೆಯ ಕಾಗದಕ್ಕಿಂತ, ಆಮ್ಲ ಉಳಿದುಕೊಂಡ ಮರದ ತಿರುಳಿನ ಅಗ್ಗದ ಕಾಗದ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಆದ್ದರಿಂದ ಸಮಸ್ಯೆ ಹೆಚ್ಚಿರುವುದು ಇಪ್ಪತ್ತನೆಯ ಶತಮಾನದ ಪುಸ್ತಕಗಳಲ್ಲೇ. ಬಿಸಿಲು ಬೀಳದ, ಗಾಳಿಯಾಡುವ ಕಪಾಟು ಬೇಕು. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬಾರದು, ಅದರ ಅಂಟು ಕೆಲವು ವರ್ಷಗಳಲ್ಲಿ ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕವಾದರೆ ಸ್ಕ್ಯಾನ್ ಮಾಡಿಸಿ. ಕನ್ನಡದ ಎಷ್ಟೋ ಹಳೆಯ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಇವತ್ತು ಯಾರಿಗಾದರೂ ಓದಲು ಸಿಗುತ್ತಿವೆ. ಎಲ್ಲಕ್ಕಿಂತ ಮೊದಲು ಪಟ್ಟಿ ಮಾಡಿಡಿ: ಯಾವ ಮುದ್ರಣ, ಎಲ್ಲಿ ಸಿಕ್ಕಿತು, ಯಾರ ಸಹಿ, ಮುಂದೆ ಯಾರಿಗೆ ಸೇರಬೇಕು. ಸಂಗ್ರಾಹಕರು ತೀರಿಕೊಂಡ ಮೇಲೆ ಮನೆಯವರು ಒಂದೇ ವಾರದಲ್ಲಿ ಕಪಾಟು ಖಾಲಿ ಮಾಡುವುದು ಪುಸ್ತಕದ ಮೇಲಿನ ದ್ವೇಷದಿಂದಲ್ಲ, ಯಾವುದು ಏನೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.