ಶಾಲೆಗೆ ಮಕ್ಕಳೆಷ್ಟು? – ಗಣತಿಯ ಲೆಕ್ಕ

ನಮ್ಮ ಲೋಧಿ ಕಾಲೋನಿಯ ಪಕ್ಕದ ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆಯಿದೆ. ಮುಂದೆ ಅಲ್ಲಿಗೆ ಸುತ್ತಮುತ್ತಲಿಂದ ಎಷ್ಟು ಮಕ್ಕಳು ಬಂದಾರು? ಕಾಮರ್ಸ್ ಓದುವ ನನಗೆ ಇದು ಶಿಲ್ಕಿನ ಪ್ರಶ್ನೆ.

ಜನಗಣತಿಯ ವಾರ್ಡುವಾರು ಪಟ್ಟಿಯಲ್ಲಿ ಸಿಗೋದು 0–6 ವರ್ಷದವರ ಸಂಖ್ಯೆ, ಶಾಲಾ ವಯಸ್ಸಿನವರದಲ್ಲ. ಆದರೂ ದಾರಿಯಿದೆ, ನೋಡಿ. 2011ರ ಮಾರ್ಚಿಯಲ್ಲಿ 0–6 ಇದ್ದವರು 2019ರ ಮಾರ್ಚಿಗೆ 8–14. ಅದೇ ಆರಂಭ ಶಿಲ್ಕು. 2001ರ ಸಂಖ್ಯೆಗೆ ಹೋಲಿಸಿ, ಹೆಚ್ಚಿದ ವಾರ್ಡಿಗೊಂದು ಬಣ್ಣ, ಇಳಿದದ್ದಕ್ಕೊಂದು ಬಣ್ಣ ಬಳಿದರೆ ನಕ್ಷೆ ಆಯ್ತು. (ನಡುವೆ ವಾರ್ಡಿನ ಗಡಿ ಬದಲಾಗಿದ್ದರೆ ಬಣ್ಣ ಸುಳ್ಳು ಹೇಳುತ್ತೆ!)

ಆದರೆ ಶಿಲ್ಕು ನಿಲ್ಲಬೇಕಲ್ಲ? ನಮ್ಮದು ಸರ್ಕಾರಿ ಕ್ವಾರ್ಟರ್ಸು. ಅಪ್ಪ ರಿಟೈರಾದರೆ ಮಕ್ಕಳೂ ಗಂಟುಮೂಟೆ ಕಟ್ಟಬೇಕು. ಆ ಮನೆಗೆ ಬರುವವರ ಮಕ್ಕಳು ತೊಟ್ಟಿಲಲ್ಲಿರಬಹುದು, ಕಾಲೇಜಲ್ಲೂ ಇರಬಹುದು. ನವದೆಹಲಿ ಪುರಸಭೆಯ ಪ್ರದೇಶದಲ್ಲಿ 2001ರಲ್ಲಿ ಸುಮಾರು 3 ಲಕ್ಷವಿದ್ದ ಜನ 2011ಕ್ಕೆ 2.58 ಲಕ್ಷಕ್ಕೆ ಇಳಿದರು. ಇಂಥ ಕಡೆ ನಕ್ಷೆಗಿಂತ ಮನೆ ಹಂಚಿಕೆಯ ರಿಜಿಸ್ಟರೇ ಹೆಚ್ಚು ನಿಜ ಹೇಳೀತು ಅಂತ ನನಗನ್ನಿಸುತ್ತೆ.

2021ರ ಗಣತಿ ನಡೆಯಲೇ ಇಲ್ಲ. ಮುಂದಿನದಕ್ಕೆ 2027ರ ಮಾರ್ಚಿ 1 ಅಂತ ಗೊತ್ತುಮಾಡಿದ್ದಾರೆ. 2011ರಲ್ಲಿ ಎಣಿಸಿದ ಕೂಸುಗಳಿಗೆ ಆಗ 16ರಿಂದ 22 ವರ್ಷ.